ಗಿಣಿ ಕಚ್ಚಿದ ಕಾಲರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಎರಡು ಅಂಗಿಗೆ ಗುಂಡಿ ಹಾಕಿ ಬಂದೆ. ಫೋನಿನಲ್ಲಿ ಗಂಟೆಗಟ್ಟಲೆ ಹರಟುವವಳು ಇದೇನು ಹೊಸದಾಗಿ ಕಾಗದ ಬರೆಯುತ್ತಿದ್ದಾಳೆ ಎಂದು ನೀನು ಗಾಬರಿಯಾಗಬೇಡ. ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಹೋಗ್ಲಿ ಬಿಡೇ ಅನ್ನುತ್ತೀಯ. ನಾನು ಅದಕ್ಕೇ ಕಾಯುತ್ತಿದ್ದವಳ ಹಾಗೆ ಬಿಟ್ಟೇ ಬಿಡುತ್ತೇನೆ. ಈ ಸಲ ಹಾಗಾಗಬಾರದು. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಇವರು ಮಕ್ಕಳಿಬ್ಬರನ್ನೂ ಕೆಳಗೆ ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದಾರೆ. ಮನೆಯಲ್ಲಿ ನಾನು, ಹೊಲಿಗೆ ಯಂತ್ರ, ಮತ್ತು ರಿಪೇರಿಗೆ ಬಂದಿರುವ ಶಾಲಾ ಸಮವಸ್ತ್ರಗಳ ಗುಡ್ಡೆ. ಬರೆಯುತ್ತಿರುವುದು ಅಂಗಿಯ ಅಳತೆ ಗುರುತು ಹಾಕುವ ಕಂದು ಕಾಗದದ ಮೇಲೆ. ಬೇರೆ ಕಾಗದ ಇಲ್ಲವೆಂದಲ್ಲ. ಇದರ ಮೇಲಾದರೆ ನನ್ನ ಕೈ ಸರಾಗವಾಗಿ ಓಡುತ್ತದೆ.

ಕೇಳಬೇಕಾದ್ದನ್ನು ಮೊದಲು ಕೇಳಿಬಿಡುತ್ತೇನೆ. ನಿನ್ನ ಶಾಲೆಯ ಎದುರಿನ ಮಹಡಿ ಮನೆ ಇನ್ನೂ ಖಾಲಿ ಇದೆಯಾ? ವರ್ಷದ ನಡುವೆ ಒಂದನೇ ತರಗತಿಗೆ ಒಂದು ಹುಡುಗಿಯನ್ನು ಸೇರಿಸಿಕೊಳ್ಳುತ್ತಾರಾ ಎಂದು ನಿಮ್ಮ ದೊಡ್ಡ ಟೀಚರನ್ನು ಒಂದು ಮಾತು ಕೇಳುತ್ತೀಯಾ? ಇದನ್ನು ಕೇಳುವುದಕ್ಕೆ ನನಗೆ ಯಾವ ಮುಖವೂ ಇಲ್ಲ. ಯಾಕೆ ಇಲ್ಲ ಎನ್ನುವುದು ನಿನಗಿನ್ನೂ ಗೊತ್ತಿಲ್ಲ, ಅದನ್ನೇ ಬರೆಯಲು ಕೂತಿದ್ದೇನೆ. ಪೂರ್ತಿ ಓದಿದ ಮೇಲೆ ಉತ್ತರ ಕೊಡು. ಕೊಡದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ.

ಆ ಮನೆಯ ಮಾಲೀಕರು ಹೊಲಿಗೆ ಯಂತ್ರದ ಸದ್ದು ಆಗುವುದಿಲ್ಲ ಎಂದರು, ಅದಕ್ಕೇ ಮನೆ ಕೈತಪ್ಪಿತು ಎಂದು ನಾನು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಆ ಪುಣ್ಯಾತ್ಮರು ಹಾಗೆ ಹೇಳಲೇ ಇಲ್ಲ. ಹೊಲಿಗೆ ಕೆಲಸ ಎಂದು ತಿಳಿದ ಮೇಲೆ ಅವರೇ ಕಿಟಕಿಯ ಹತ್ತಿರ ಹೋಗಿ, ಯಂತ್ರ ಇಲ್ಲಿಟ್ಟುಕೊಳ್ಳಮ್ಮ, ಸಂಜೆವರೆಗೂ ಬೆಳಕಿರುತ್ತೆ ಎಂದು ಗೇಣು ಹಾಕಿ ಜಾಗ ತೋರಿಸಿದ್ದರು. ನೀನು ನನ್ನ ಮಾತು ನಂಬಿ ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟೆ. ಅವರು ನಮಸ್ಕಾರ ಹೇಳಿದರೂ ಮುಖ ತಿರುಗಿಸಿಕೊಂಡು ಹೋದೆ, ತಂಗಿಗೆ ಮನೆ ಕೊಡದವರ ನಮಸ್ಕಾರ ನನಗ್ಯಾಕೆ ಎಂದು ಫೋನಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ನಾನು ನಕ್ಕೆ ಅಕ್ಕಾ. ನೀನು ನನ್ನ ಪರವಾಗಿ ಜಗಳ ಕಾಯುತ್ತಿದ್ದೆ, ನಾನು ಈ ಕಡೆ ನಗುತ್ತಿದ್ದೆ. ನಾಳೆ ಅವರು ಕಂಡರೆ ದಯವಿಟ್ಟು ಮಾತಾಡಿಸು.

ಹಳೇ ಮನೆ ಮಾರಾಟವಾದ ಮೇಲೆ ನಾವು ಮನೆ ಹುಡುಕಿದ ಚಂದ ನಿನಗೆ ನೆನಪಿದೆಯಲ್ಲ. ಭಾನುವಾರ ಬಂತೆಂದರೆ ನಾಲ್ವರೂ ಹೊರಡುವುದು, ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ. ಇವರದು ಲಿಫ್ಟ್ ರಿಪೇರಿ ಕೆಲಸವಾದ್ದರಿಂದ ಯಾವ ಕಟ್ಟಡಕ್ಕೆ ಹೋದರೂ ಮನೆಗಿಂತ ಮೊದಲು ಲಿಫ್ಟಿನ ಬಾಗಿಲಿಗೆ ಕಿವಿ ಇಟ್ಟು ನಿಲ್ಲುತ್ತಿದ್ದರು. ಲಿಫ್ಟಿನ ಗುಂಡಿಗಳನ್ನು ಯಾರಾದರೂ ಬೆಂಕಿಕಡ್ಡಿಯಿಂದ ಸುಟ್ಟಿದ್ದರೆ ಮುಗಿಯಿತು, ಈ ಜನದ ಸಹವಾಸ ಬೇಡ ಎಂದು ಅಲ್ಲಿಂದಲೇ ವಾಪಸ್ಸು. ಗಡಿಬಿಡಿಗೆ ಆಡಲು ಮೈದಾನವೊಂದಿದ್ದರೆ ಮನೆಗೆ ಚಾವಣಿ ಇಲ್ಲದಿದ್ದರೂ ನಡೆಯುತ್ತಿತ್ತು. (ನೀನಿಟ್ಟ ಹೆಸರು ನನ್ನ ಮಗನಿಗೆ ಈಗಲೂ ಸರಿಯಾಗಿ ಹೊಂದುತ್ತದೆ, ಇವತ್ತು ಬೆಳಿಗ್ಗೆ ಒಂದೇ ಚಪ್ಪಲಿಯಲ್ಲಿ ಲಿಫ್ಟ್ ಇಳಿದುಹೋಗಿದ್ದ.) ನಮ್ಮ ಪುಟ್ಟ ಮಗಳು ಗಿಣಿಯನ್ನು ಕೇಳಿದರೆ, ಕಿಟಕಿಯಿಂದ ದೊಡ್ಡಮ್ಮ ಕಾಣಬೇಕು ಎಂದಿದ್ದಳು. ಎಲ್ಲರೂ ನಕ್ಕೆವು. ಅವಳು ಕೇಳಿದ ಮನೆ ಒಂದಿತ್ತು. ನಿನ್ನ ಶಾಲೆಯ ಎದುರಿನ ಆ ಮಹಡಿ ಮನೆಯ ಕಿಟಕಿಯಿಂದ, ನೀನು ನೀಲಿ ಕೋಟು ಹಾಕಿಕೊಂಡು ಅಂಗಳ ಗುಡಿಸುವುದು, ಪುಟ್ಟ ಮಕ್ಕಳನ್ನು ಸಾಲಾಗಿ ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಕಾಣುತ್ತಿತ್ತು.

ಕಾಣುತ್ತಿತ್ತು ಎನ್ನುವುದೇ ನನಗೆ ಬೇಡವಾಗಿದ್ದು.

ಬರೆದೆ ನೋಡು. ಇದನ್ನು ಹೊಡೆದು ಹಾಕುವುದಿಲ್ಲ.

ನಿನ್ನ ಶಾಲೆಯ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಶಾಲೆ ಎಂಥದು ಎಂದು ತಿಳಿಯಲು ಬೇರೆಯವರು ಫಲಿತಾಂಶ ನೋಡುತ್ತಾರೆ, ಅವರಿವರನ್ನು ವಿಚಾರಿಸುತ್ತಾರೆ. ನನಗೆ ಅದೆಲ್ಲ ಬೇಕಿರಲಿಲ್ಲ. ಈ ಕಡೆಯ ಶಾಲೆಗಳ ಸಮವಸ್ತ್ರಗಳೆಲ್ಲ ಅಂಗಡಿಯವರ ಮೂಲಕ ರಿಪೇರಿಗೆ ನನ್ನ ಮೇಜಿಗೇ ಬರುತ್ತವಲ್ಲ. ನಿನ್ನ ಶಾಲೆಯ ಬಟ್ಟೆಗಳು ಮೊಣಕಾಲಿನಲ್ಲಿ ಹರಿದಿರುತ್ತವೆ. ಜೇಬು ಬಿಚ್ಚಿದರೆ ಕಲ್ಲು, ಬೀಜ, ಅರ್ಧ ಪೆನ್ಸಿಲು. ಓಡುವ, ಬೀಳುವ, ಏನನ್ನೋ ಹೆಕ್ಕಿ ಜೇಬಿಗಿಳಿಸುವ ಮಕ್ಕಳ ಬಟ್ಟೆ. ನಮ್ಮ ಈಗಿನ ಮನೆಯ ಹತ್ತಿರದ ಈ ದೊಡ್ಡ ಶಾಲೆಯ ಅಂಗಿಗಳು ಎಲ್ಲೂ ಹರಿದಿರುವುದಿಲ್ಲ. ಆದರೆ ಕೆಲವುದರ ಕಾಲರಿನ ತುದಿ ಜಗಿದು ಜಗಿದು ನಾರಾಗಿರುತ್ತದೆ. ಹೆದರಿದ ಮಕ್ಕಳು ಕಾಲರು ಕಚ್ಚುತ್ತಾರೆ ಎಂದು ನಾನು ಎಂದೋ ತೀರ್ಮಾನಿಸಿಬಿಟ್ಟಿದ್ದೆ. ಹೊಸ ಕಾಲರು ಹಾಕುವಾಗೆಲ್ಲ ಪಾಪ ಎನಿಸುತ್ತಿತ್ತು. ಹಾಗಿದ್ದೂ ನನ್ನ ಮಗಳನ್ನು ಇದೇ ಶಾಲೆಗೆ ತಂದು ಸೇರಿಸಿದೆ. ಇವರಿಗೆ ಕಾಲರಿನ ವಿಷಯ ಬಾಯಿ ಬಿಡಲಿಲ್ಲ. ಬದಲಿಗೆ, ಅಕ್ಕನ ಶಾಲೆಯಲ್ಲಿ ಟೀಚರುಗಳೇ ಸಾಲುತ್ತಿಲ್ಲವಂತೆ, ಅವಳೇ ಹೇಳಿದಳು ಎಂದೆ. ನೀನು ಹೇಳಿದೆ ಎಂದ ಮೇಲೆ ಇವರು ಎರಡನೇ ಮಾತಾಡಲಿಲ್ಲ. ನಿನ್ನ ಮಾತಿಗೆ ಈ ಮನೆಯಲ್ಲಿ ಅಷ್ಟು ಬೆಲೆ. ಆ ಬೆಲೆಯನ್ನೂ ನಾನು ಬಳಸಿಕೊಂಡೆ.

ಯಾಕೆ ಎಂದು ಕೇಳುತ್ತೀಯ. ಈ ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ಒಂದು ಸಲ ನಿಂತಿದ್ದೆ ಅಕ್ಕಾ. ಗಾಜಿನ ಗೋಡೆಯ ಗ್ರಂಥಾಲಯ, ನೀಲಿ ನೀರಿನ ಕೊಳ, ಬಿದ್ದರೆ ಪೆಟ್ಟಾಗದ ರಬ್ಬರಿನ ಆಟದ ಅಂಗಳ. ಅದಕ್ಕಿಂತ ಹೆಚ್ಚಾಗಿ, ಗೇಟಿನಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಿದ್ದ ತಾಯಂದಿರು. ನಾನು ಅವರ ನಡುವೆ ನಿಲ್ಲಬೇಕು ಎನಿಸಿತು. ಮಕ್ಕಳ ಭವಿಷ್ಯ ಎಂದು ಊರಿಗೆಲ್ಲ ಹೇಳಿದೆ, ಆಸೆಯೆಲ್ಲ ನನ್ನದೇ. ನಿನ್ನ ಶಾಲೆಗೆ ಹಾಕಿದ್ದರೆ ಮೊದಲ ದಿನವೇ ಗಿಣಿ ದೊಡ್ಡಮ್ಮಾ ಎಂದು ಕೂಗಿಕೊಂಡು ಬಂದು ನಿನ್ನ ನೀಲಿ ಕೋಟಿಗೆ ಜೋತುಬೀಳುತ್ತಿದ್ದಳು. ಗೇಟಿನಲ್ಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು, ಬಚ್ಚಲು ತೊಳೆಯುವ ಆಯಾ ಇವಳ ಅಕ್ಕ ಎಂದು. ನನಗೆ ಈ ಹೊಲಿಗೆ ಬಂದದ್ದು ಆ ನೀಲಿ ಕೋಟಿನ ಸಂಬಳದಿಂದಲೇ. ನಿನ್ನ ಕೈಬೆರಳುಗಳು ಸೋಪಿನ ನೀರಿನಲ್ಲಿ ಬಿರಿದಿದ್ದಾಗ ನಾನು ತರಗತಿಯಲ್ಲಿ ಕೂತು ತೋಳು ಜೋಡಿಸುವುದು ಕಲಿಯುತ್ತಿದ್ದೆ. ಇದು ನನಗೆ ಮರೆತಿರಲಿಲ್ಲ. ನೆನಪಿದ್ದೂ ನಾಚಿಕೆಪಟ್ಟೆ. ಈಗ ಆ ನಾಚಿಕೆಗೆ ನಾಚಿಕೆಪಡುತ್ತಿದ್ದೇನೆ.

ಇಲ್ಲಿನ ವೈಭೋಗ ಕೇಳು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು, ಕಟ್ಟಡದ ಅಂದ ಕೆಡುತ್ತದೆ. ನಮ್ಮ ಒಳಉಡುಪುಗಳು ಊಟದ ಮೇಜಿನ ಮೇಲೆ ತೂಗಾಡುತ್ತಿರುತ್ತವೆ. ಬಂದ ಹೊಸದರಲ್ಲೇ ಕೆಳಮನೆಯವರು ಬಾಗಿಲು ತಟ್ಟಿ, ನಿಮ್ಮ ಮನೆಯಿಂದ ಏನೋ ಕಟಕಟ ಸದ್ದು ಬರುತ್ತೆ, ಸಂಜೆ ಮೇಲೆ ಅದನ್ನ ನಿಲ್ಲಿಸ್ತೀರಾ ಎಂದರು. ಆ ಮುದಿ ಮಾಲೀಕರ ಬಾಯಿಗೆ ನಾನು ಹಾಕಿದ ಮಾತು ಕೆಳಮನೆಯವರ ಬಾಯಿಂದ ಹೊರಬಂತು. ಹೌದೌದು ಎಂದು ತಲೆಯಾಡಿಸಿ ಬಾಗಿಲು ಹಾಕಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಗೇಟಿನ ತಾಯಂದಿರ ನಡುವೆ ನಿಂತದ್ದೂ ಆಯಿತು. ಅವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಒಳ್ಳೆಯವರೇ. ನೀವೇನು ಮಾಡ್ತೀರಿ ಎಂದು ಕೇಳಿದಾಗ, ಬಟ್ಟೆಗಳ ವಿನ್ಯಾಸ ಎಂದೆ. ಅವರ ಮಗಳ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟಿದ್ದು ನಾನೇ. ಒಳಗಡೆ ಹೆಸರಿನ ಪಟ್ಟಿ ಇತ್ತು, ಅವರಿಗದು ಗೊತ್ತಿಲ್ಲ. ಒಂದು ದಿನ ಅವರು ಮನೆಗೆ ಬರುತ್ತೇನೆ ಎಂದಾಗ ನಾನು ಯಂತ್ರದ ಮೇಲೆ ಹೊದಿಕೆ ಹಾಕಿ, ಅದರ ಮೇಲೊಂದು ಹೂದಾನಿ ಇಟ್ಟೆ. ಈ ಟೇಬಲ್ ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ ಎಂದು ಅವರು ಕೇಳಿದರು. ಗಡಿಬಿಡಿ ಬಿದ್ದು ಬಿದ್ದು ನಕ್ಕ. ಗಿಣಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ನೀನು ಬರುತ್ತೇನೆ ಎಂದಾಗೆಲ್ಲ ಒಂದೊಂದು ನೆಪ ಹೇಳಿದೆ. ಒಮ್ಮೆ ಲಿಫ್ಟ್ ಕೆಟ್ಟಿದೆ ಎಂದೆ. ಲಿಫ್ಟ್ ರಿಪೇರಿಯವನ ಮನೆಯಲ್ಲಿ ಲಿಫ್ಟ್ ಕೆಟ್ಟಿದೆಯಾ ಎಂದು ನೀನು ನಕ್ಕೆ, ನಂಬಿದೆ. ಮಂಡಿನೋವಿನವಳಿಗೆ ಆರು ಮಹಡಿ ಹತ್ತಲಾಗುವುದಿಲ್ಲ, ಸರಿಯಾದ ಮೇಲೆ ಹೇಳು ಎಂದು ನೀನೇ ಹೇಳಿದೆ. ಲಿಫ್ಟ್ ಒಂದು ದಿನವೂ ಕೆಟ್ಟಿರಲಿಲ್ಲ.

ಇನ್ನು ಗಿಣಿಯ ವಿಷಯ. ಇದಕ್ಕೇ ಇಷ್ಟೆಲ್ಲ ಬರೆದದ್ದು.

ಗಿಣಿ ಈಗ ಮಾತಾಡುವುದಿಲ್ಲ ಅಕ್ಕಾ. ಮೂಗಿಯಾಗಿದ್ದಾಳೆಂದಲ್ಲ, ಊಟ ಬೇಕು, ನಿದ್ದೆ ಬಂತು, ಶೂ ಚಿಕ್ಕದಾಯಿತು, ಇಷ್ಟನ್ನೆಲ್ಲ ಹೇಳುತ್ತಾಳೆ. ಆದರೆ ಬೆಳಗಾಗೆದ್ದು ಕಂಡ ಕನಸಿನಿಂದ ಶುರು ಮಾಡಿ, ನೀನು ಸಂಜೆ ಕೆಲಸ ಮುಗಿಸಿ ಬಂದ ಮೇಲೂ ಬಿಡದೆ, ನಿನ್ನ ಸೆರಗಿಗೆ ಗಂಟುಬಿದ್ದು ವಟವಟ ಎನ್ನುತ್ತಿದ್ದಳಲ್ಲ, ಆ ಗಿಣಿ ಇಲ್ಲ. ಏನಾಯಿತೇ ಎಂದರೆ ಏನಿಲ್ಲ ಎನ್ನುತ್ತಾಳೆ. ಆರು ವರ್ಷದ ಮಗು ಏನಿಲ್ಲ ಎನ್ನುವುದನ್ನು ಕೇಳಲು ಆಗುವುದಿಲ್ಲ. ನೀನು ಫೋನಿನಲ್ಲಿ ಗಿಣಿಗೆ ಕೊಡೇ ಎಂದಾಗ ಈಜಲು ಹೋಗಿದ್ದಾಳೆ ಎನ್ನುತ್ತಿದ್ದೆನಲ್ಲ, ಅವಳು ಪಕ್ಕದಲ್ಲೇ ಇರುತ್ತಿದ್ದಳು. ಫೋನು ಚಾಚಿದರೆ ತಲೆಯಲ್ಲಾಡಿಸಿ ಒಳಗೆ ಹೋಗುತ್ತಿದ್ದಳು.

ಒಂದು ದಿನ ಬಟ್ಟೆ ಒಗೆಯುವಾಗ ಅವಳ ಅಂಗಿ ಕೈಗೆ ಸಿಕ್ಕಿತು. ಕಾಲರಿನ ಎಡತುದಿ ಜಗಿದು ನಾರಾಗಿತ್ತು. ಊರವರ ಮಕ್ಕಳ ಕಾಲರು ಎಷ್ಟೋ ಬದಲಾಯಿಸಿದ್ದೇನೆ. ನನ್ನ ಮಗುವಿನದು ಕೈಯಲ್ಲಿ ಹಿಡಿದಾಗ, ಅದು ಇನ್ನೂ ಎಂಜಲಿನಿಂದ ಒದ್ದೆಯಾಗಿತ್ತು. ಏನು ಮಾಡಿದೆ ಹೇಳು? ಯಾರಿಗೂ ಹೇಳದೆ ಹೊಸ ಕಾಲರು ಹಾಕಿದೆ. ಅದನ್ನೂ ಕಚ್ಚಿದಳು. ಮತ್ತೊಂದು ಹಾಕಿದೆ. ಕೊನೆಗೆ ಬಿಚ್ಚಿದ ಕಾಲರುಗಳನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋದೆ. ನಾನು ಮೊದಲೇ ಅಂದುಕೊಂಡಿದ್ದು ಸರಿ, ಇಲ್ಲಿ ಮಕ್ಕಳನ್ನು ಹೆದರಿಸುತ್ತಾರೆ, ಇವತ್ತು ಇವರ ನೀರಿಳಿಸದೆ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಸಿಟ್ಟು ಬಂದಾಗ ಎಷ್ಟು ಹಾಯಾಗಿರುತ್ತದೆ ಗೊತ್ತಾ? ತಪ್ಪೆಲ್ಲ ಬೇರೆಯವರದೇ ಆಗಿರುತ್ತದೆ.

ಅವಳ ಟೀಚರಿಗೆ ಇನ್ನೂ ಎಳೆ ಮುಖ. ನಾನು ಕಾಲರುಗಳನ್ನು ಮೇಜಿನ ಮೇಲೆ ಸುರಿದೆ. ಆಕೆ ಜಗಳಕ್ಕೆ ಬರಲಿಲ್ಲ. ಒಂದೊಂದನ್ನೇ ಎತ್ತಿ ನೋಡಿ, ಇವು ಸೋಮವಾರದವು ಎಂದಳು. ನನಗೆ ಅರ್ಥವಾಗಲಿಲ್ಲ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ದುಂಡಗೆ ಕೂರಿಸಿ, ರಜೆಯಲ್ಲಿ ಮನೆಯಲ್ಲಿ ಏನೇನಾಯಿತು, ಯಾರು ಬಂದರು, ಯಾರ ಮನೆಗೆ ಹೋದಿರಿ ಎಂದು ಮಾತಾಡಿಸುತ್ತಾರಂತೆ. ಗಿಣಿಯ ಸರದಿ ಬಂದರೆ ಕಾಲರು ಬಾಯಿಗೆ ಹೋಗುತ್ತದಂತೆ. ಉಳಿದ ದಿನ ಚಿತ್ರ ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ, ಹಾಡುತ್ತಾಳೆ ಕೂಡ. ಕಾಲರು ಕಚ್ಚುವ ಮಕ್ಕಳು ಎಲ್ಲ ಶಾಲೆಯಲ್ಲೂ ಇರುತ್ತಾರೆ, ಕಾರಣ ಒಬ್ಬೊಬ್ಬರದು ಒಂದೊಂದು, ಎಷ್ಟೋ ಸಲ ಮನೆಯದೇ ಎಂದಳು. ನಾನು ಇಷ್ಟು ವರ್ಷ ಬದಲಾಯಿಸಿದ ಕಾಲರುಗಳು ಯಾವ ಯಾವ ಮನೆಯ ಸಂಕಟವೋ, ನಾನು ಎಲ್ಲವನ್ನೂ ತಂದು ಶಾಲೆಯ ತಲೆಗೆ ಕಟ್ಟಿದ್ದೆ.

ಆಮೇಲೆ ಟೀಚರು ದನಿ ತಗ್ಗಿಸಿದಳು. ಹಿಂದಿನ ವಾರ ಗಿಣಿ ಅವಳ ಹತ್ತಿರ ಬಂದು, ಹೆಸರು ಹೇಳಬಾರದವರು ಅಂದ್ರೆ ಸತ್ತೋದವರಾ ಟೀಚರ್ ಎಂದು ಕೇಳಿದಳಂತೆ. ನಿಮ್ಮ ಮನೇಲಿ ಯಾರಾದ್ರೂ ತೀರಿಕೊಂಡ್ರಾ ಎಂದು ಆಕೆ ನನ್ನನ್ನು ಕೇಳಿದಳು. ನಾನು ಏನೋ ಹೇಳಿ ಎದ್ದು ಬಂದೆ.

ಮನೆಗೆ ಬರುವ ದಾರಿಯಲ್ಲಿ ಎಲ್ಲ ಕಣ್ಣಿಗೆ ಕಟ್ಟಿತು. ಸೇರಿಸಿಕೊಳ್ಳುವ ಮೊದಲು ಮಗುವನ್ನು ಮಾತಾಡಿಸಿ ನೋಡುತ್ತಾರೆ ಎಂದು ತಿಳಿದು, ಒಂದು ವಾರ ನಾನು ಗಿಣಿಗೆ ಪಾಠ ಹೇಳಿಕೊಟ್ಟಿದ್ದೆ. ಮನೆಯಲ್ಲಿ ಯಾರ್ಯಾರಿದ್ದಾರೆ? ಅಪ್ಪ, ಅಮ್ಮ, ಅಣ್ಣ, ನಾನು. ಪ್ರತಿಸಲವೂ ಅವಳು ಮತ್ತೆ ದೊಡ್ಡಮ್ಮ ಎಂದು ಸೇರಿಸುತ್ತಿದ್ದಳು. ದೊಡ್ಡಮ್ಮ ನಮ್ಮನೇಲಿ ಇಲ್ವಲ್ಲೇ ಎಂದರೆ, ದಿನಾ ಬರ್ತಾಳಲ್ಲ ಎನ್ನುತ್ತಿದ್ದಳು. ದೊಡ್ಡಮ್ಮ ಏನು ಕೆಲಸ ಮಾಡ್ತಾರೆ ಎಂದು ಅವರು ಕೇಳಿದರೆ, ಇವಳು ಎಲ್ಲವನ್ನೂ ನಟಿಸಿ ತೋರಿಸುವವಳೇ. ಪೊರಕೆ ಹಿಡಿಯುವುದನ್ನೂ ಬಿಡುವವಳಲ್ಲ. ಅದಕ್ಕೇ ಒಂದು ದಿನ ಜಡೆ ಹಾಕುವಾಗ, ಹೊಸ ಶಾಲೇಲಿ ದೊಡ್ಡಮ್ಮನ ಮಾತೇ ಎತ್ತಬಾರದು ಎಂದುಬಿಟ್ಟೆ. ಅವಳು, ದೊಡ್ಡಮ್ಮ ಏನಾದ್ರೂ ತಪ್ಪು ಮಾಡಿದಾಳಾ ಎಂದು ಕೇಳಿದಳು. ಇಲ್ಲ ಎಂದು ಹೇಳಬಹುದಿತ್ತು. ನಾನು ಜಡೆ ಬಿಗಿದೆ, ಅಷ್ಟೇ.

ಶಾಲೆಯವರು ಮಾತಾಡಿಸಿ ನೋಡಿದ ದಿನ ಅಲ್ಲಿ ಒಬ್ಬ ಹಿರಿಯ ಹೆಂಗಸು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನಗೆ ಕತೆ ಯಾರು ಹೇಳ್ತಾರೆ ಮರಿ ಎಂದು ಕೇಳಿದರು. ಗಿಣಿಯ ಬಾಯಿ ದೊ ಎನ್ನುವಂತೆ ದುಂಡಗಾಯಿತು. ನನ್ನ ಕಡೆ ನೋಡಿದಳು. ನಾನು ಕಣ್ಣು ದೊಡ್ಡದು ಮಾಡಿದೆ. ಅವಳು ಕಾಲರಿನ ತುದಿಯನ್ನು ಬಾಯಿಗಿಟ್ಟುಕೊಂಡಳು, ಆಮೇಲೆ ತೆಗೆದು, ಅಮ್ಮ ಎಂದಳು. ಅವತ್ತೇ ಮೊದಲು. ಒಂದು ಹೊಲಿಗೆ ಅತ್ತಿತ್ತಾದರೆ ದೂರದಿಂದಲೇ ಗುರುತಿಸುವವಳು ನಾನು, ಕಣ್ಣೆದುರಿಗೆ ನಡೆದದ್ದನ್ನು ನೋಡಿಯೂ ನೋಡಲಿಲ್ಲ. ಸೀಟು ಸಿಕ್ಕಿತು ಎಂಬ ಖುಷಿಯಲ್ಲಿ ಅವಳಿಗೆ ಬಣ್ಣದ ಪೆನ್ಸಿಲು ಕೊಡಿಸಿದೆ. ನಾನು ಇಲ್ಲಿಯವರೆಗೆ ಅವಳಿಗೆ ಒಂದು ಕತೆಯನ್ನೂ ಹೇಳಿಲ್ಲ ಅಕ್ಕಾ. ಹೇಳಿದವಳು ನೀನು.

ನಿನ್ನೆ ಇವರಿಗೆ ಹೇಳಿದೆ. ಮಾಲೀಕರ ವಿಷಯ, ನಿನ್ನ ಹೆಸರಿನಲ್ಲಿ ಹೇಳಿದ ಸುಳ್ಳು, ಕಾಲರು, ಗಿಣಿಗೆ ಕೊಟ್ಟ ಪಾಠ. ಇವರು ಲಿಫ್ಟಿನ ಸದ್ದು ಕೇಳುವ ಹಾಗೆ ತಲೆ ಒಂದು ಕಡೆ ವಾಲಿಸಿ ಕೇಳಿದರು. ಬೈಯಲಿಲ್ಲ. ನಿಮ್ಮಕ್ಕನ ಬಾಯಲ್ಲಿ ಸುಳ್ಳು ಹಾಕಿದೆಯಲ್ಲೇ ಎಂದು ಒಂದೇ ಮಾತು ಹೇಳಿ ಪಾತ್ರೆ ತೊಳೆಯಲು ಹೋದರು. ಎರಡು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಗಡಿಬಿಡಿ ಮಾತ್ರ ಇಲ್ಲಿಂದ ಕದಲುವುದಿಲ್ಲ ಎಂದು ಪಟ್ಟು ಹಿಡಿದಿದ್ದಾನೆ. ಅವನಿಗೆ ಈಜು ಹಿಡಿಸಿದೆ, ಗೆಳೆಯರಾಗಿದ್ದಾರೆ. ಅವನದೇನು ತಪ್ಪು? ಈ ಶಾಲೆ ಕೆಟ್ಟದ್ದೂ ಅಲ್ಲ, ಆ ಟೀಚರಂಥವರು ಎಲ್ಲೆಡೆ ಸಿಗುವುದಿಲ್ಲ. ಅವನು ಬಸ್ಸಿನಲ್ಲಿ ಓಡಾಡಿಕೊಂಡು ಇಲ್ಲೇ ಓದಲಿ ಎಂದು ಇವರು ಹೇಳುತ್ತಾರೆ. ಸರಿಯಾದ ಜಾಗ ಯಾವುದು ಎಂದು ನನಗೆ ಈಗ ತಿಳಿಯುವುದಿಲ್ಲ. ಆದರೆ ನಾಲ್ವರಲ್ಲಿ ತನಗೆ ಬೇಕಾದ್ದನ್ನು ನೇರವಾಗಿ ಹೇಳಿದವಳು ಗಿಣಿ ಒಬ್ಬಳೇ, ಅವಳು ಕೇಳಿದ್ದು ಒಂದು ಕಿಟಕಿ. ಅದಕ್ಕೇ ಆ ಮಹಡಿ ಮನೆಯ ಬಗ್ಗೆ ಕೇಳಿದೆ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ನೀನು ಹಾಕಿಕೊಂಡುಬಿಡುತ್ತೀಯ, ಅದೇ ನನಗೆ ಭಯ. ಈ ಸಲ ಎರಡು ದಿನವಾದರೂ ನನ್ನ ಮೇಲೆ ಸಿಟ್ಟು ಮಾಡು. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ? ನೆಲ ಒರೆಸುವಾಗ ಕುಕ್ಕರಗಾಲಲ್ಲಿ ಕೂರಬೇಡ, ಉದ್ದ ಕೋಲಿನದು ಕೊಡಿ ಎಂದು ಕೇಳಿ ತೆಗೆದುಕೋ.

ನಾಳೆ ಇವರಿಗೆ ನಿಮ್ಮ ಕಡೆಯೇ ಒಂದು ಲಿಫ್ಟಿನ ಕೆಲಸವಿದೆ. ಕಾಗದವನ್ನು ಇವರ ಕೈಯಲ್ಲೇ ಕಳಿಸುತ್ತೇನೆ.

ನಿನ್ನ ಕೈಹಿಡಿದು ನಡೆದವಳು,
ನಿನ್ನ ತಂಗಿ

ಮರೆತದ್ದು: ಹೀಗೆಂದು ಬರೆಯುವುದು ವಾಡಿಕೆ. ನಾನು ಮರೆತಿರಲಿಲ್ಲ. ಮೇಲೆ ಬರೆಯಲು ಆಗಲಿಲ್ಲ, ಇವರಿಗೂ ಹೇಳಿಲ್ಲ. ಅದಕ್ಕೇ ಲಕೋಟೆಯ ಬಾಯಿಯನ್ನು ಅಂಟಿಸದೆ ಯಂತ್ರದಲ್ಲಿ ಹೊಲಿಯುತ್ತೇನೆ.

ಯಾರಾದರೂ ತೀರಿಕೊಂಡರಾ ಎಂದು ಟೀಚರು ಕೇಳಿದಾಗ ಏನೋ ಹೇಳಿ ಎದ್ದು ಬಂದೆ ಎಂದೆನಲ್ಲ. ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಆ ಹಲ್ಲಿನ ಡಾಕ್ಟರು ತಮ್ಮ ಸರದಿಗೆ ಕೂತಿದ್ದರು. ಮಗಳ ಬಾಯಿ ನಾನೇ ಮುಚ್ಚಿಸಿದೆ ಎಂದು ಅವರ ಕಿವಿಗೆ ಬೀಳುವಂತೆ ಹೇಗೆ ಹೇಳಲಿ? ಹೌದು, ನನ್ನ ಅಕ್ಕ, ಎಂದೆ.

ಟೀಚರ ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದುಕೊಂಡಳು. ನಾನು ಹಿಡಿಸಿಕೊಂಡೆ. ಮಾರನೆಯ ದಿನ ಗಿಣಿ ಚೀಲದ ತುಂಬ ಚಿತ್ರ ತಂದಳು. ತರಗತಿಯ ಮಕ್ಕಳೆಲ್ಲ ಬರೆದುಕೊಟ್ಟದ್ದು. ಹೂವು, ಮೋಡ, ಒಬ್ಬ ಹುಡುಗನಂತೂ ರಾಕೆಟ್ಟಿನಲ್ಲಿ ನಿನ್ನನ್ನು ಕೂರಿಸಿದ್ದಾನೆ. ಇವೆಲ್ಲ ದೊಡ್ಡಮ್ಮನಿಗಂತೆ ಎಂದು ಅವಳು ನನ್ನ ಮುಂದೆ ಇಟ್ಟಳು. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಇಲ್ಲ ಕಣೇ, ದೊಡ್ಡಮ್ಮನಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾಳೆ ಎಂದೆ. ಗೊತ್ತು, ನಿನ್ನೆ ನೀನು ಫೋನಲ್ಲಿ ಮಾತಾಡ್ತಿದ್ದೆಯಲ್ಲ ಎಂದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: ದೊಡ್ಡಮ್ಮ ಬದುಕಿದಾಳೆ ಅನ್ನೋದನ್ನೂ ಯಾರಿಗೂ ಹೇಳಬಾರದಾ ಅಮ್ಮಾ?

ನಾಳೆ ಬೆಳಿಗ್ಗೆ ಟೀಚರ ಹತ್ತಿರ ಹೋಗಿ ನಿಜ ಹೇಳುತ್ತೇನೆ, ಯಾರು ಕೇಳಿಸಿಕೊಂಡರೂ ಸರಿ. ನನ್ನನ್ನು ಅಷ್ಟಾಗಿ ನಂಬಬೇಡ, ನೀನೂ ಬಾ. ಮಂಗಳವಾರ ನಿನಗೆ ಅರ್ಧ ದಿನವೇ ಕೆಲಸವಲ್ಲವಾ? ಶಾಲೆ ಬಿಡುವ ಹೊತ್ತಿಗೆ ಇಲ್ಲಿನ ಗೇಟಿಗೆ ಬಂದುಬಿಡು. ಮನೆಗೆ ಹೋಗಿ ಬಟ್ಟೆ ಬದಲಾಯಿಸಬೇಡ, ನೀಲಿ ಕೋಟಿನಲ್ಲೇ ಬಾ. ನಾನು ಆ ತಾಯಂದಿರ ನಡುವೆಯೇ ನಿಂತಿರುತ್ತೇನೆ, ನಾನೇ ಮೊದಲು ಕೂಗುತ್ತೇನೆ.

ಯಾರಿಗೆ ಬೇಕಾದರೂ ಹೇಳು ಎಂದು ಗಿಣಿಗೆ ಹೇಳಿದ್ದೇನೆ. ಸರಿ ಎಂದು ತಲೆಯಾಡಿಸಿದಳು. ಕಾಲರು ಬಾಯಲ್ಲೇ ಇತ್ತು.